ಒಲೆಗೆ ಹಾಕಿದ ಬೇಲಿ

ಅರಗು ಕರಗುವ ವಾಸನೆ ಎಲ್ಲಿಂದ ಮೂಗಿಗೆ ಬಡಿದರೂ ನನ್ನ ಕಿವಿ ತಾನಾಗಿ ಬಿಸಿಯಾಗುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಬೀದಿಗೆ ಹೋದರೆ ಆ ವಾಸನೆ ಗಾಳಿಯಲ್ಲೇ ನಿಂತಿರುತ್ತದೆ. ಕಾಯುತ್ತಿರುವ ಬೆಲ್ಲದ ಪಾಕಕ್ಕೆ ಯಾರೋ ಒಂದು ಚಿಟಿಕೆ ಧೂಪ ಉದುರಿಸಿದ ಹಾಗೆ. ಹೊರಗಿನಿಂದ ಬಂದವರು ಅದನ್ನು ಎದೆ ತುಂಬ ಎಳೆದುಕೊಂಡು ಆಹಾ ಅನ್ನುತ್ತಾರೆ. ನಾನು ಮಾತ್ರ ತಲೆ ತಗ್ಗಿಸಿ ಪೆಡಲ್ ಜೋರಾಗಿ ತುಳಿದು ಆ ಬೀದಿ ದಾಟುತ್ತೇನೆ. ಕಾರಣವನ್ನು ಮುಚ್ಚಿಟ್ಟು ಉಪಯೋಗವಿಲ್ಲ, ಊರಿಗೆಲ್ಲ ಗೊತ್ತಿರುವ ವಿಷಯ. ನಮ್ಮ ಅಣ್ಣನ ಮಗುವನ್ನು ಬೆಂಕಿಯಿಂದ ಕಾಪಾಡಬೇಕೆಂದು ನಾನು ಅಡುಗೆಮನೆಯ ಒಲೆಗೆ ಒಂದು ಬೇಲಿ ಹಾಕಿದೆ. ಅರಗು ಬಳಿದ ಮರದ ಬೇಲಿ. ಬಿಸಿ ತಾಗಿದರೆ ಅರಗು ಕರಗುತ್ತದೆ, ಇನ್ನೂ ಬಿಸಿಯಾದರೆ ಹತ್ತಿ ಉರಿಯುತ್ತದೆ ಎಂಬುದು ಚನ್ನಪಟ್ಟಣದ ಸುತ್ತಮುತ್ತ ಹತ್ತು ಹರಿದಾರಿಯೊಳಗೆ ಹುಟ್ಟಿದ ಕರುವಿಗೂ ಗೊತ್ತು. ಅದೇ ಕೆಲಸವನ್ನು ಆರು ತಿಂಗಳಿಂದ ಕಲಿಯುತ್ತಿದ್ದ ನನಗೆ ಗೊತ್ತಿರಲಿಲ್ಲ. ಅಂದರೆ ಗೊತ್ತಿತ್ತು, ನೆನಪಾಗಲಿಲ್ಲ. ಬುದ್ಧಿವಂತರಿಗೂ ನನಗೂ ಇರುವ ವ್ಯತ್ಯಾಸ ಅಷ್ಟೇ.

ನಮ್ಮದು ಬೈರಾಪಟ್ಟಣ. ಮನೆ ಹೆಂಚಿನದು, ಗೋಡೆ ಮಣ್ಣಿನದು, ಅಡುಗೆಮನೆ ಅಜ್ಜಿಯದು. ನಾನು ಮೂರು ವರ್ಷದವನಾಗಿದ್ದಾಗಲೇ ಅವ್ವ ತೀರಿಕೊಂಡಿದ್ದರಿಂದ ಅಣ್ಣನನ್ನೂ ನನ್ನನ್ನೂ ಅಪ್ಪನ ಅವ್ವನೇ ಸಾಕಿದ್ದು. ಅಜ್ಜಿಯ ಸೊಂಟ ಯಾವ ಕಾಲದಲ್ಲೋ ಬಾಗಿ ಹಾಗೇ ನಿಂತುಬಿಟ್ಟಿತ್ತು; ನಡೆದರೆ ನೆಲದ ಮೇಲೆ ಏನೋ ಬೀಳಿಸಿಕೊಂಡು ಹುಡುಕುತ್ತಿರುವಂತೆ ಕಾಣುತ್ತಿದ್ದಳು. ಆದರೆ ಒಲೆಯ ಮುಂದೆ ಮಣೆ ಹಾಕಿ ಕೂತಳೆಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಒಲೆ ನೆಲದ ಮೇಲೇ ಇತ್ತು, ಎರಡು ಬಾಯಿಯ ಮಣ್ಣಿನ ಒಲೆ. ಬೆಳಗಾದರೆ ಸಗಣಿ ಬಗ್ಗಡದಿಂದ ಸಾರಿಸಿ, ಎರಡೆಳೆ ರಂಗೋಲಿ ಬಿಟ್ಟು, ತೆಂಗಿನ ಗರಿ ಹೊತ್ತಿಸಿ ಹಿಪ್ಪುನೇರಳೆ ಕಡ್ಡಿ ತುರುಕುತ್ತಿದ್ದಳು. ಒದ್ದೆ ಕಡ್ಡಿಯ ಹೊಗೆ, ರಾಗಿ ಹಿಟ್ಟು ಬೇಯುವ ಘಮ, ಮುದ್ದೆ ಕೋಲು ಮಡಕೆಯ ಅಂಚಿಗೆ ಬಡಿಯುವ ಸದ್ದು, ಊದುಕೊಳವೆಯಲ್ಲಿ ಅಜ್ಜಿಯ ಉಸಿರು. ಇವನ್ನೆಲ್ಲ ನೆನೆದರೆ ನಿಮಗೂ ಗಂಟಲು ಕಟ್ಟಬಹುದು, ಅಂಥ ಮನೆಯಲ್ಲಿ ಬೆಳೆದವರಾದರೆ. ನನಗೂ ಕಟ್ಟುತ್ತದೆ. ಆದರೆ ಗಂಟಲು ಕಟ್ಟಿತೆಂಬ ಕಾರಣಕ್ಕೆ ಸುಳ್ಳು ಹೇಳಲಾರೆ. ಆ ಒಲೆ ನಮ್ಮ ಮನೆಯ ಒಂದು ಮಗುವನ್ನೂ ಬಿಟ್ಟಿರಲಿಲ್ಲ. ಹಾಲು ಕಾಯಲೆಂದು ಮುಂದಕ್ಕೆ ಎಳೆದಿಟ್ಟ ಕೆಂಡ, ಮೇಲೆ ಬೂದಿ ಮುಚ್ಚಿಕೊಂಡು ಮೆತ್ತಗೆ ಬೆಕ್ಕಿನ ಹಾಗೆ ಮಲಗಿರುತ್ತಿತ್ತು. ಅಣ್ಣನ ಮದುವೆಗೆ ಮುಂಚೆಯೇ ತೀರಿಹೋದ ಅಪ್ಪನ ಮುಂಗೈಯಲ್ಲಿ ಅದರ ಗುರುತಿತ್ತು. ಅಣ್ಣನ ಪಾದದಲ್ಲಿತ್ತು. ನನಗೆ ಎಲ್ಲಿತ್ತೆಂದು ಬರೆಯುವುದು ಸಭ್ಯತೆಯಲ್ಲ. ಒಂದೂವರೆ ವರ್ಷದ ನಾನು ಆ ಬೂದಿಯನ್ನು ಮಣೆಯೆಂದು ತಿಳಿದು ಕೂತಿದ್ದೆ, ಅಷ್ಟು ಹೇಳಿದರೆ ಸಾಕು.

ಮನೆಯಲ್ಲಿ ಇದು ಯಾರಿಗೂ ದುಃಖದ ವಿಷಯವೇ ಆಗಿರಲಿಲ್ಲ. ಹಬ್ಬಕ್ಕೆ ನೆಂಟರು ಬಂದರೆ ಪಂಚೆ ಮಡಚಿ, ತೋಳು ಏರಿಸಿ ಅವರವರ ಕಲೆ ತೋರಿಸಿ ನಗುತ್ತಿದ್ದರು. (ನನ್ನದನ್ನು ತೋರಿಸು ಅಂದಾಗ ಮಾತ್ರ ನಾನು ಓಡಿಹೋಗುತ್ತಿದ್ದೆ.) ಅಜ್ಜಿಗೆ ಒಂದು ಪದ್ಧತಿಯೇ ಇತ್ತು. ಮಗು ಅಂಬೆಗಾಲಿಡಲು ಶುರು ಮಾಡಿದ ವಾರದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳು ಹಿಡಿದು, ಕಾಯುತ್ತಿರುವ ಮಡಕೆಯ ಹೊಟ್ಟೆಗೆ ಒಮ್ಮೆ ಮುಟ್ಟಿಸುವುದು. ಮಗು ಚೀರುತ್ತಿತ್ತು. ಅಜ್ಜಿ ಆ ಬೆರಳನ್ನು ತನ್ನ ಬಾಯಲ್ಲಿಟ್ಟು ತಂಪು ಮಾಡಿ, ಬೆಲ್ಲದ ಚೂರು ತಿನ್ನಿಸುತ್ತಿದ್ದಳು. ಪಾಠ ಮುಗಿಯಿತು. ಆ ಪಾಠ ಕಲಿತವರೆಲ್ಲರೂ ಆಮೇಲೂ ಸುಟ್ಟುಕೊಂಡಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅತ್ತಿಗೆ ತೆಗೆದುಕೊಂಡಳು. ಅವಳು ರಾಮನಗರದವಳು. ಅವಳಪ್ಪ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೆಲಸಕ್ಕಿದ್ದರು. ಕುದಿಯುವ ನೀರಿನ ಬಾಂಡಲಿಗಳ ನಡುವೆ ಅಡ್ಡಾಡಿಕೊಂಡು ಬೆಳೆದ ಹುಡುಗಿ. ನಮ್ಮ ಮನೆಗೆ ಬಂದ ಎರಡು ವರ್ಷದಲ್ಲಿ ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸರಿ ಅನ್ನುತ್ತಿದ್ದಳು, ಕಡಿಮೆಯಾದರೂ ಸರಿ ಅನ್ನುತ್ತಿದ್ದಳು. ಅವಳ ಮಗಳು ಗೌರಿ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದ ಒಂದು ಬೆಳಿಗ್ಗೆ, ಅಜ್ಜಿ ಅವಳನ್ನು ತೊಡೆಗೆ ಎಳೆದುಕೊಂಡು ಬೆರಳು ಹಿಡಿದಳು. ಮಡಕೆಗೆ ಇನ್ನು ಅರ್ಧ ಗೇಣು ಇರುವಾಗ ಅತ್ತಿಗೆಯ ಕೈ ನಡುವೆ ಬಂತು.

“ನನ್ ಮಗಳ ಬೆರಳು ಬುಡಿ ಅಜ್ಜಿ.”

“ಬಿಸಿ ಅಂದ್ರೇನು ಅಂತ ಗೊತ್ತಾಗ್ಬ್ಯಾಡ್ವಾ ಕೂಸ್ಗೆ? ಮಕ್ಳು ಸುಟ್ಕಂಡೇ ಕಲಿಯೋದು ಕಣವ್ವಾ.”

“ನನ್ ಮಗಳು ಸುಟ್ಕಂಡು ಕಲಿಯೋದು ಬ್ಯಾಡ. ಸುಟ್ಕಳ್ದೇ ದಡ್ಡಿ ಆಗ್ಲಿ.”

ನಾನು ರೊಟ್ಟಿ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತೆ. ಅತ್ತಿಗೆ ಮಗುವನ್ನು ಸೊಂಟಕ್ಕೇರಿಸಿ ನಿಂತಳು. ತನ್ನಪ್ಪನ ಕೆಲಸದ ಮನೆಯಲ್ಲಿ ಬಿಸಿನೀರ ಬಾಂಡಲಿ ಇರುವ ಕಡೆಗೆ ಮಕ್ಕಳು ಹೋಗದ ಹಾಗೆ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಡುತ್ತಾರೆ, ಬಡವರ ಕೈಲಿ ಅಷ್ಟಾಗುವುದಾದರೆ ಹೊಲ ಮನೆ ಇರುವವರ ಕೈಲಿ ಆಗುವುದಿಲ್ಲವೇ ಎಂದಳು. ಒಲೆಯನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಹಾಕಬೇಕು. ಇಲ್ಲವಾದರೆ ತಾನು ಮಗುವನ್ನು ಕರೆದುಕೊಂಡು ರಾಮನಗರಕ್ಕೆ ಹೋಗಿ, ಗೌರಿಗೆ ಬುದ್ಧಿ ಬಂದ ಮೇಲೇ ತಿರುಗಿ ಬರುವುದು. ಇದು ಅವಳ ಷರತ್ತು. ಅಣ್ಣ ಏನೋ ಹೇಳಲು ಬಾಯಿ ತೆರೆದ, ಹೆಂಡತಿಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಎಮ್ಮೆಗೆ ಹುಲ್ಲು ಹಾಕಲು ಹೋದ. ಎಮ್ಮೆ ಆಗಲೇ ತಿಂದು ಮಲಗಿತ್ತು.

“ಸೊಂಟದೆತ್ತರಕ್ಕಾ?” ಅಂದಳು ಅಜ್ಜಿ. “ಯಾರ್ ಸೊಂಟ? ನಿನ್ ಸೊಂಟವೋ ನನ್ ಸೊಂಟವೋ? ನಾನೇನ್ ಏಣಿ ಹಾಕ್ಕಂಡು ಮುದ್ದೆ ತಿರುವ್ಲಾ?”

ನನಗೆ ನಗು ಬಂತು, ಅಜ್ಜಿ ನಗಲಿಲ್ಲ. ಆಗ ನನಗೆ ಅರ್ಥವಾಗದೆ ಆಮೇಲೆ ಅರ್ಥವಾದ ಸಂಗತಿ ಇದು. ಒಲೆ ಮೇಲಕ್ಕೆ ಏರಿದರೆ ಬಾಗಿದ ಬೆನ್ನಿನ ಅಜ್ಜಿಗೆ ಅದು ಎಟುಕುತ್ತಿರಲಿಲ್ಲ. ಒಲೆ ಇಲ್ಲದ ಮೇಲೆ ಆ ಮನೆಯಲ್ಲಿ ಅವಳಿಗೆ ಉಳಿಯುತ್ತಿದ್ದುದು ಜಗುಲಿಯ ಒಂದು ಮೂಲೆ. ಒಬ್ಬಳು ಮಗುವಿನ ಕೈಗಾಗಿ ನಿಂತಿದ್ದಳು, ಇನ್ನೊಬ್ಬಳು ತಾನು ಕೂರುವ ಮಣೆಗಾಗಿ. ಇಬ್ಬರೂ ಬಿಡುವವರಲ್ಲ.

ಇಂಥ ಹೊತ್ತಿನಲ್ಲಿ ದೇವರು ಒಬ್ಬ ಬುದ್ಧಿವಂತನನ್ನು ಕಳಿಸಬೇಕಿತ್ತು. ಇದ್ದವನು ನಾನು. ಹದಿನೈದು ವರ್ಷ, ಮೀಸೆಯ ಜಾಗದಲ್ಲಿ ಧೂಳು, ಶಾಲೆ ಬಿಟ್ಟ ಮೇಲೆ ಚನ್ನಪಟ್ಟಣದಲ್ಲಿ ಬಾಷಾ ಸಾಹೇಬರ ಹತ್ತಿರ ಗೊಂಬೆ ಕೆಲಸದ ಪಾಠ. ಕೆಲಸವೆಂದರೆ, ಲೇತಿನ ಮೇಲೆ ಗಿರ್ರನೆ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುವುದು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಬಿಸಿಗೆ ಕರಗುತ್ತದೆ. ಇದನ್ನು ದಿನಕ್ಕೆ ಐವತ್ತು ಸಲ ಕಣ್ಣಾರೆ ಕಾಣುತ್ತಿದ್ದೆ ಎಂಬುದನ್ನು ಇಲ್ಲಿ ಮತ್ತೆ ಹೇಳುತ್ತಿದ್ದೇನೆ, ನಿಮಗೆ ನನ್ನ ಮೇಲೆ ಕನಿಕರ ಹುಟ್ಟದಿರಲಿ ಎಂದು. ಅಂಗಡಿಯ ಮೂಲೆಯಲ್ಲಿ ತೊಟ್ಟಿಲಿನ ಕಟಕಟೆಗೆಂದು ಮಾಡಿ, ಸೊಟ್ಟಗಾಗಿ, ಬೇಡವೆಂದು ಎಸೆದ ಕಂಬಿಗಳ ರಾಶಿ ಬಿದ್ದಿತ್ತು. ಹೆಚ್ಚಿನವು ನಾನೇ ಸೊಟ್ಟ ಮಾಡಿದವು. ತೊಟ್ಟಿಲಿನ ಕಂಬಿ ಮಗುವನ್ನು ಬೀಳದಂತೆ ಹಿಡಿಯುತ್ತದೆ ಎಂದ ಮೇಲೆ ಬೆಂಕಿಗೂ ಬೀಳದಂತೆ ಹಿಡಿಯಬೇಕಲ್ಲವೇ? ಈ ತರ್ಕ ಹೊಳೆದಾಗ ನನಗೆ ರೋಮಾಂಚನವಾಯಿತು. ಒಂದು ಗೋಣಿಚೀಲದಷ್ಟು ಕೆಂಪು, ಹಳದಿ, ಹಸಿರು ಕಂಬಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದೆ. ನಾಲ್ಕು ದಿನ ಹಿತ್ತಲಲ್ಲಿ ಮೊಳೆ ಹೊಡೆದೆ. ಎರಡು ದಿನ ಮೊಳೆಗೆ, ಎರಡು ದಿನ ಹೆಬ್ಬೆರಳಿಗೆ.

ಒಲೆಯ ಸುತ್ತ ಅರ್ಧ ಚಂದ್ರನ ಹಾಗೆ ಬೇಲಿ ನಿಂತಿತು. ನಿಜ ಹೇಳಬೇಕೆಂದರೆ ಚೆಂದವಾಗಿತ್ತು. ಅಜ್ಜಿ ಒಳಗೆ ಹೋಗಿ ಕೂರಲು ಒಂದು ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಅರಿಶಿನದ ದಾರ ಕಟ್ಟಿ, ಮಂತ್ರಿಗಳನ್ನು ಕರೆದ ಹಾಗೆ ಅಜ್ಜಿಯನ್ನು ಕರೆದು ಕತ್ತರಿಸು ಅಂದೆ. ಕತ್ತರಿ ಸಿಗಲಿಲ್ಲ, ಕುಡುಗೋಲಿನಲ್ಲಿ ಕುಯ್ದಳು. “ಕುರಿ ದೊಡ್ಡಿ ಮಾಡಿದ್ದೀಯಲ್ಲೋ ಸೀನ, ನಾನೇ ಮುದಿ ಕುರಿ” ಎಂದು ಗೊಣಗಿದರೂ ಒಳಗೆ ಹೋಗಿ ಕೂತು ಒಲೆ ಹೊತ್ತಿಸಿದಳು. ಮಣೆ ಇದ್ದಲ್ಲೇ ಇತ್ತು, ಒಲೆ ಇದ್ದಲ್ಲೇ ಇತ್ತು, ಅವಳಿಗೆ ಅಷ್ಟು ಸಾಕಿತ್ತು. ಅತ್ತಿಗೆ ಬೇಲಿಯನ್ನು ಅಲ್ಲಾಡಿಸಿ ನೋಡಿ, ಮೊದಲ ಸಲ ನನ್ನನ್ನು ಮನುಷ್ಯನ ಲೆಕ್ಕಕ್ಕೆ ಸೇರಿಸಿಕೊಂಡವಳ ಹಾಗೆ ನಕ್ಕು, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಅಣ್ಣ ಕೂಡ ಎಮ್ಮೆ ಬಿಟ್ಟು ಬಂದು ನೋಡಿ ಹೋದ.

ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕಾಲಗಲಿಸಿ ನಿಂತು ಪಕ್ಕದ ಮನೆಯ ನಿಂಗಕ್ಕನಿಗೆ ಬೇಲಿಯ ಗುಣಗಾನ ಮಾಡುತ್ತಿದ್ದೆ. ಬೆನ್ನು ಒಲೆಯ ಕಡೆಗೆ. ಆನೆ ಬಂದು ತಳ್ಳಿದರೂ ಜಗ್ಗುವುದಿಲ್ಲ ಎನ್ನುತ್ತಿದ್ದೆ. ನಡುಮನೆಯಲ್ಲಿ ಗೌರಿ ತನ್ನ ಗಿಲಕಿ ಕಚ್ಚಿಕೊಂಡು ಕೂತಿದ್ದಳು. ಹಲ್ಲು ಬರುತ್ತಿದ್ದ ಮಗು. ನಮ್ಮ ಕಡೆ ಅಂಥ ಮಕ್ಕಳಿಗೆಲ್ಲ ಕೊಡುವ ಕೆಂಪು ಹಳದಿ ಅರಗಿನ ಗಿಲಕಿ, ಬಾಯಿಗಿಟ್ಟರೂ ಭಯವಿಲ್ಲದ್ದು. ಅಲ್ಲಿಯವರೆಗೆ ಅವಳು ಒಲೆಯ ಕಡೆ ತಿರುಗಿಯೂ ನೋಡಿದವಳಲ್ಲ. ಕಪ್ಪು ಗೋಡೆ, ಹೊಗೆ, ಅಲ್ಲೇನಿತ್ತು ಅವಳಿಗೆ? ಆವತ್ತು ಅಲ್ಲಿ ಅವಳಷ್ಟೇ ಎತ್ತರದ ಗಿಲಕಿಗಳು ಸಾಲಾಗಿ ನಿಂತಿದ್ದವು. ಕೈಯಲ್ಲಿದ್ದುದನ್ನು ಬಿಸಾಡಿ, ನೆಲ ಗುಡಿಸುತ್ತ ಬಂದು, ಭಾಷಣ ಮಾಡುತ್ತಿದ್ದ ನನ್ನ ಎರಡು ಕಾಲುಗಳ ನಡುವೆಯೇ ನುಸುಳಿ ಒಳಗೆ ಹೋದಳು. ನಿಂಗಕ್ಕನ ಮುಖ ಬದಲಾಗಿದ್ದು ಕಂಡಿತು. ಮೆಚ್ಚುಗೆಯೆಂದುಕೊಂಡೆ.

ಆಗ ಆ ವಾಸನೆ ಬಂತು. ತಿರುಗಿ ನೋಡಿದರೆ ಒಲೆಯ ಬಾಯಿಗೆ ಹತ್ತಿರವಿದ್ದ ಕಂಬಿಗಳು ಬೆವರುತ್ತಿದ್ದವು. ಕೆಂಪು ಇಳಿದು ಹಳದಿಗೆ ಸೇರಿ, ಹಳದಿ ತೊಟ್ಟಿಕ್ಕಿ ನೆಲದಲ್ಲಿ ಕೊಚ್ಚೆಯಾಗಿ, ಒಂದು ಕಂಬಿಯ ತುದಿಯಲ್ಲಿ ನೀಲಿ ನಾಲಿಗೆಯ ಹಾಗೆ ಉರಿ ಎದ್ದಿತ್ತು. ಗೌರಿ ಈಚೆ ಬದಿಯ ಕಂಬಿ ಹಿಡಿದು ಎದ್ದು ನಿಂತಿದ್ದಳು. ಹುಟ್ಟಿದ ಮೇಲೆ ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಂತಿದ್ದಳು, ಅದೂ ಅಲ್ಲಿ, ಬಾಯಿ ತೆರೆದು ಆ ಕಂಬಿಯನ್ನೇ ಕಚ್ಚಲು. ಅಜ್ಜಿ ಒಳಗಿನಿಂದ ಬಾಗಿಲು ತಳ್ಳುತ್ತಿದ್ದಳು. ಅದು ತೆರೆಯುತ್ತಿರಲಿಲ್ಲ. ಚಿಲಕವನ್ನು ನಾನು ಹೊರಗಡೆ ಇಟ್ಟು, ಹಾಕಿಯೂ ಬಿಟ್ಟಿದ್ದೆ.

ನಾನು ಏನು ಮಾಡಿದೆ ಎಂದು ಕೇಳಬೇಡಿ. ಅಯ್ಯಯ್ಯೋ ಎಂದು ಕೂಗಿದೆ ಎಂದು ನಿಂಗಕ್ಕ ಇವತ್ತಿಗೂ ಊರ ಮುಂದೆ ಅಭಿನಯಿಸಿ ತೋರಿಸುತ್ತಾಳೆ. ಅಜ್ಜಿ ಮಾತ್ರ, ನಿಂತಾಗ ಎಂದೂ ನೆಟ್ಟಗಾಗದ ಆ ಬೆನ್ನನ್ನು ಎತ್ತಿ, ಉರಿಯುವ ಕಂಬಿಗಳ ಮೇಲಿಂದಲೇ ಬಲಗೈ ಚಾಚಿ, ಮಗುವಿನ ಹಣೆಗೆ ಅಂಗೈ ಕೊಟ್ಟು ಹಿಂದಕ್ಕೆ ದಬ್ಬಿದಳು. ಗೌರಿ ಅಂಗಾತ ಬಿದ್ದು ಅತ್ತಳು. ಕರಗಿದ ಅರಗು ಅಜ್ಜಿಯ ಮುಂಗೈಗೆ ಅಂಟಿತು. ಬಿಸಿನೀರಾದರೆ ಬಿದ್ದು ಹರಿದುಹೋಗುತ್ತದೆ. ಅರಗು ಹಿಡಿದುಕೊಂಡು ಸುಡುತ್ತದೆ. ಅವಳು ಎಡಗೈಯಲ್ಲಿ ಎಸರಿಗಿಟ್ಟಿದ್ದ ತಣ್ಣೀರಿನ ಬಿಂದಿಗೆ ಬಗ್ಗಿಸಿ ಬೇಲಿಯನ್ನೂ ಒಲೆಯನ್ನೂ ಒಟ್ಟಿಗೇ ಆರಿಸಿಬಿಟ್ಟಳು. ಸುಂಯ್ ಅಂತ ಎದ್ದ ಹಬೆಯೊಳಗೆ ಅತ್ತಿಗೆ ಹೇಗೆ ಬಂದಳೋ ಕಾಣಲಿಲ್ಲ. ಮಗುವಿನ ಎರಡು ಅಂಗೈ, ಹತ್ತು ಬೆರಳು, ತುಟಿ, ಕೆನ್ನೆ ಎಲ್ಲ ಬಿಡಿಸಿ ಬಿಡಿಸಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಕೋಣೆಗೆ ಹೋಗಿ ಟ್ರಂಕಿಗೆ ಮಗುವಿನ ಬಟ್ಟೆ ತುಂಬತೊಡಗಿದಳು.

ಆ ಸಂಜೆ ಬಾಷಾ ಸಾಹೇಬರು ವಿಷಯ ಕೇಳಿ ಲೇತು ನಿಲ್ಲಿಸಿದರು. “ಅರೆ ಬೇಟಾ, ಅರಗನ್ನ ತಗೊಂಡೋಗಿ ಒಲೆ ಪಕ್ಕ ಇಟ್ಯಾ? ನಮ್ ಅಂಗಡೀಲಿ ಬೀಡಿ ಹಚ್ಚಾಕೂ ನಾನು ಆಚೆ ಹೋಯ್ತೀನಿ, ನೋಡಿಲ್ವಾ?” ನೋಡಿದ್ದೆ. ಅವರಿಗೆ ಗಾಳಿ ಇಷ್ಟ ಅಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ರಾಮನಗರದ ಬಸ್ಸಿಗೆಂದು ಅತ್ತಿಗೆ ಟ್ರಂಕು ಹೊರಿಸಿಕೊಂಡು ಜಗುಲಿಗೆ ಬಂದಾಗ ಅಡುಗೆಮನೆಯಿಂದ ದಡ್ ದಡ್ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅಜ್ಜಿ, ಲೋಳೆಸರ ಹಚ್ಚಿದ ಬಲಗೈಯನ್ನು ಎದೆಗೆ ಕಟ್ಟಿಕೊಂಡು, ಎಡಗೈಯಲ್ಲಿ ಹಾರೆ ಹಿಡಿದು ಒಲೆ ಒಡೆಯುತ್ತಿದ್ದಳು. ತನ್ನ ಅತ್ತೆ ಹಾಕಿದ್ದ ಒಲೆ. ಮದುವೆಯಾಗಿ ಬಂದ ದಿನದಿಂದ ಅದನ್ನು ಸಾರಿಸಿದ್ದಳೇ ಹೊರತು ಮುರಿದವಳಲ್ಲ. ಅತ್ತಿಗೆಯ ಮುಖ ನೋಡದೆಯೇ ಅಂದಳು: “ಟ್ರಂಕು ಕೆಳೀಕಿಳ್ಸು. ಮಣ್ಣು ಕಲ್ಸಾಕೆ ಕೈ ಸಾಲ್ದು.”

ಅತ್ತಿಗೆ ಟ್ರಂಕು ಒಳಕ್ಕೆ ಕಳಿಸಿದಳು. ಮಗುವನ್ನು ಅಣ್ಣನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿದಳು. “ಒಲೆ ಕೆಳಗೇ ಇರ್ಲಿ ಅಜ್ಜಿ” ಅಂದಳು. “ಗೋಡೆ ಮಾತ್ರ ನಾ ಹೇಳ್ದಂಗೆ.” ಅಜ್ಜಿ ಹಾರೆ ಚಾಚಿ ಜಾಗ ತೋರಿಸಿದಳು. ಮೂರು ದಿನ ಕೆಲಸ. ನನಗೆ ಮಣ್ಣು ತುಳಿಯುವುದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದೆಂದು ಆಜ್ಞೆಯಾಗಿತ್ತು. ನೆಲದ ಮೇಲೇ ಹೊಸ ಒಲೆ, ಬಾಯಿ ಗೋಡೆಯ ಪಕ್ಕಕ್ಕೆ ತಿರುಗಿಸಿದ್ದು, ಸೌದೆಯ ತುದಿ ಹೊರಗೆ ಚಾಚದ ಹಾಗೆ. ಅಜ್ಜಿಯೂ ಮಣೆಯೂ ಒಲೆಯೂ ಒಳಗಾಗುವಂತೆ ತೊಡೆಯೆತ್ತರದ ಮಣ್ಣಿನ ಮೋಟುಗೋಡೆ. ಅದರಲ್ಲೊಂದು ಸಂದು, ಸಂದಿಗೆ ಮೇಲಿಂದ ಇಳಿಬಿಡುವ, ಒಳಗಿನಿಂದಲೂ ಹೊರಗಿನಿಂದಲೂ ಎತ್ತಬಹುದಾದ ಹಲಗೆ. ಬಣ್ಣವಿಲ್ಲದ ಬರೀ ಹಲಗೆ. ಬೆಂಕಿಪೊಟ್ಟಣ, ಊದುಕೊಳವೆ, ಇಕ್ಕಳ ಎಲ್ಲ ಮೇಲಿನ ಗೂಡಿಗೆ ಹೋದವು. ಕೆಂಡ ಮುಂದಕ್ಕೆ ಎಳೆಯುವುದು ನಿಂತಿತು. ಬೂದಿಗೆ ನೀರು ಚಿಮುಕಿಸದೆ ಹೊರಗೆ ತೆಗೆಯುವಂತಿರಲಿಲ್ಲ.

ಊರಿನ ಹೆಂಗಸರು ಸಾಲುಗಟ್ಟಿ ಬಂದರು. ಒಲೆಯ ಬಾಯಿ ತಿರುಗಿಸಬಾರದು, ಮನೆಗೆ ಆಗಿಬರುವುದಿಲ್ಲ, ಅನ್ನ ಕೊಡುವ ತಾಯಿಗೆ ಜೈಲು ಕಟ್ಟಿಸಿದ್ದೀರಿ ಎಂದರು. ಸೊಸೆ ಹೇಳಿದ ಹಾಗೆ ಮುದುಕಿ ಕುಣಿಯುತ್ತಾಳೆ ಎಂದೂ, ಕೇಳಿಸುವಷ್ಟೇ ಮೆತ್ತಗೆ, ಯಾರೋ ಅಂದರು. ಗೋಡೆಯ ಒಳಗೆ ಕೂತಿದ್ದ ಅಜ್ಜಿ ಮುದ್ದೆ ಕೋಲನ್ನು ಮಡಕೆಯಿಂದ ತೆಗೆಯಲೂ ಇಲ್ಲ. “ಒಲೆ ನಂದು, ಕೂಸು ನಂದು, ಸುಟ್ಟಿರೋ ಕೈನೂ ನಂದೇಯ. ನಿಮ್ದೇನಾರಾ ಬೇಯಿಸ್ಕೊಡ್ಬೇಕಿತ್ತಾ, ಹೇಳ್ರವ್ವಾ.” ಅತ್ತಿಗೆ ಬಾಗಿಲಲ್ಲಿ ಅಡ್ಡ ನಿಂತು ನಕ್ಕಳು, ಜೋರಾಗಿ, ಬಂದವರಿಗೆ ದಾರಿ ಬಿಡದೆ. ಅತ್ತೆಮನೆಯಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ವರ್ಷ ಕಳೆಯುವುದರೊಳಗೆ ಬಂದವರಲ್ಲಿ ಮೂರು ಮನೆಯವರು ಸದ್ದಿಲ್ಲದೆ ಮೋಟುಗೋಡೆ ಹಾಕಿಸಿಕೊಂಡರು. ನಿಂಗಕ್ಕನ ಮನೆಗೆ ಮಣ್ಣು ತುಳಿದವನೂ ನಾನೇ.

ಈಗ ಆ ಮನೆ ಇಲ್ಲ. ಹೆಂಚಿಳಿಸಿ, ಗೋಡೆ ಬೀಳಿಸಿ, ಅಣ್ಣ ಮೋಲ್ಡಿನ ಮನೆ ಕಟ್ಟಿಸಿದ. ಕಟ್ಟೆಯ ಮೇಲೆ ಗ್ಯಾಸಿನ ಒಲೆ ನಿಂತಿದೆ. ಅಜ್ಜಿ ಅದನ್ನು ನೋಡಲಿಲ್ಲ. ಮೋಟುಗೋಡೆಯ ಒಳಗಿನ ಮಣೆಯಿಂದ ಎದ್ದು ಹೋಗಿ ಮಲಗಿದವಳು ಮೂರನೆಯ ದಿನಕ್ಕೆ ತೀರಿಕೊಂಡಳು. ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗ ನನ್ನ ವಾರಿಗೆಯವರು ಸೌದೆ ಒಲೆಯ ಮುದ್ದೆಯ ರುಚಿಯೇ ಬೇರೆ, ಆ ಕಾಲವೇ ಚೆನ್ನಾಗಿತ್ತು ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ರುಚಿ ಬೇರೆಯೇ, ಒಪ್ಪುತ್ತೇನೆ. ಆದರೆ ಆ ಬೆಂಕಿಗೆ ನಾನು ಕೈ ಮುಗಿಯುವುದಿಲ್ಲ. ನಾನು ಅಳುವುದಾದರೆ ಅದರ ಮುಂದೆ ಕೂತಿದ್ದವಳಿಗಾಗಿ ಅಳುತ್ತೇನೆ, ಅದನ್ನು ಒಡೆದವಳಿಗಾಗಿ. ಇಬ್ಬರೂ ಒಬ್ಬಳೇ ಆಗಿದ್ದಳಲ್ಲ, ಅದಕ್ಕಾಗಿ. ಹೀಗೆಂದರೆ ಪಂಕ್ತಿಯಲ್ಲಿ ಯಾರಿಗೂ ಹಿಡಿಸುವುದಿಲ್ಲ, ಇನ್ನೊಂದು ಮುದ್ದೆ ಹಾಕಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ಗೌರಿಯನ್ನು ಒಂದನೇ ಕ್ಲಾಸಿಗೆ ಸೇರಿಸಿದೆವು. ಅತ್ತಿಗೆ, ನಾನು, ಮತ್ತು ಬೇಡವೆಂದರೂ ಕೋಲೂರಿಕೊಂಡು ಬಂದ ಅಜ್ಜಿ. ಮೇಷ್ಟ್ರು ಹೆಸರು, ತಂದೆಯ ಹೆಸರು ಬರೆದುಕೊಂಡು, ಮೈಮೇಲೆ ಗುರುತಿಗೆ ಏನಾದರೂ ಕಲೆ ಇದೆಯೇ ಎಂದರು. ಅದೇ ಮೇಷ್ಟ್ರು ಅಣ್ಣನಿಗೂ ನನಗೂ ಒಂದು ಗಳಿಗೆ ಯೋಚಿಸದೆ ಸುಟ್ಟ ಕಲೆಯೆಂದು ಬರೆದುಕೊಂಡವರು. ಅತ್ತಿಗೆ ಮಗುವಿನ ತೋಳು ಮಡಚಿ ನೋಡಿದಳು, ಅಂಗೈ ತಿರುಗಿಸಿದಳು, ಲಂಗ ಎತ್ತಿ ಮೊಣಕಾಲು ನೋಡಿದಳು, ಪಾದ ನೋಡಿದಳು. ಮೇಷ್ಟ್ರು ಪೆನ್ನು ಹಿಡಿದು ಕಾದರು. ಕೊನೆಗೆ ಕಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ ಸಿಕ್ಕಿತು, ಅದನ್ನೇ ಬರೆದರು.

ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಹುಣಸೆ ಮರದ ಕೆಳಗೆ ಕೂತಳು, ಕಾಲು ನೋವೆಂದು. ತನ್ನ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಮುಂದೆ ಹೋಗುತ್ತಿದ್ದ ತಾಯಿ ಮಗಳನ್ನೇ ನೋಡುತ್ತಿದ್ದಳು. ಆಮೇಲೆ, ಯಾರಿಗೋ ಸವಾಲು ಹಾಕುವವಳ ಹಾಗೆ ಗದ್ದವೆತ್ತಿ, ನನಗೆ ಹೇಳಿದಳು:

“ನೋಡ್ದೇನ್ಲಾ ಸೀನ? ನಮ್ ವಂಶದಾಗೆ ಇದೇ ಮೊದ್ಲು ಕಣ್ಲಾ, ಮೇಷ್ಟ್ರು ಏನು ಬರ್ಯಾದು ಅಂತ ಒದ್ದಾಡಿದ್ದು.”